ಬೆಲ್ ಒಂದು ಬಾಕಿ

“ಅಮ್ಮಾ, ಬಕೆಟ್ಟಿಗೆ ಯಾವ ಬಣ್ಣ?”

ಚೂಟಿ ಬಚ್ಚಲುಮನೆಯೊಳಗಿಂದ ಕೂಗಿದಳು. ಒಂದು ಕೈಯಲ್ಲಿ ಬಣ್ಣಬಣ್ಣದ ಸ್ಟಿಕ್ಕರ್ ಹಾಳೆ, ಇನ್ನೊಂದು ಕೈಯಲ್ಲಿ ಹಿಡಿ ಮುರಿದ ಬಕೆಟ್ಟು.

“ಯಾವ ಬಕೆಟ್ಟು?” ಅಮ್ಮನ ದನಿ ಹಾಲಿನಿಂದ ಬಂತು.

“ಹಿಡಿ ಇಲ್ಲದ್ದು.”

“ಅದನ್ನ ಯಾರು ತಂದಿದ್ದು ಅಂತ ಆ ದೇವರಿಗೂ ಗೊತ್ತಿಲ್ಲ. ಹಳದಿ ಹಚ್ಚು.”

ಹಳದಿ ಅಂದರೆ ಇಬ್ಬರದೂ, ಮದುವೆ ಆದಮೇಲೆ ಅಪ್ಪ ಅಮ್ಮ ಸೇರಿ ಕೊಂಡದ್ದು. ಹಸಿರು ಅಂದರೆ ಮದುವೆಗೆ ಮುಂಚೆಯೇ ಅಮ್ಮನದಾಗಿದ್ದದ್ದು. ನೀಲಿ ಅಂದರೆ ಮದುವೆಗೆ ಮುಂಚೆ ಅಪ್ಪನದಾಗಿದ್ದದ್ದು. ಈ ಆಟ ಹೇಳಿಕೊಟ್ಟವರು ಲಾಯರ್ ಆಂಟಿ. ಆಟ ಅಂತ ಅವರೇನೂ ಹೇಳಿರಲಿಲ್ಲ. ಆದರೆ ಚೂಟಿಯ ಕೈಗೆ ಸ್ಟಿಕ್ಕರ್ ಕೊಟ್ಟಮೇಲೆ ಯಾವ ಕೆಲಸವೂ ಆಟವಾಗದೆ ಉಳಿಯುವುದಿಲ್ಲ.

ಚೂಟಿಯ ಅಪ್ಪ ಅಮ್ಮ ಬೇರೆ ಬೇರೆ ಆಗುತ್ತಿದ್ದರು. ಈ ಸುದ್ದಿ ಹೇಳೋಕೆ ಅಂತ ಇಬ್ಬರೂ ಸೇರಿ ಅವಳಿಗೆ ಐಸ್‌ಕ್ರೀಂ ಕೊಡಿಸಿದ್ದರು. ಐಸ್‌ಕ್ರೀಂ ಕೈಗೆ ಬಂದಾಗಲೇ ಏನೋ ಎಡವಟ್ಟಾಗಿದೆ ಅಂತ ಚೂಟಿಗೆ ಗೊತ್ತಾಗಿತ್ತು. ಅವತ್ತು ಅವಳಿಗೆ ಜೋರು ನೆಗಡಿ.

ಮನೆಯಲ್ಲಿ ತಟ್ಟೆ ಹಾರುವ ಜಗಳವೇನೂ ನಡೆದಿರಲಿಲ್ಲ. ಎರಡು ವರ್ಷದಿಂದ ಅವರಿಬ್ಬರೂ ನೇರವಾಗಿ ಮಾತೇ ಆಡುತ್ತಿರಲಿಲ್ಲ, ಅಷ್ಟೆ. “ಚೂಟಿ, ಗ್ಯಾಸ್ ಮುಗಿದಿದೆ ಅಂತ ನಿಮ್ಮಪ್ಪನಿಗೆ ಹೇಳು.” “ಚೂಟಿ, ನನಗೂ ಕಣ್ಣಿದೆ ಅಂತ ನಿಮ್ಮಮ್ಮನಿಗೆ ಹೇಳು.” ಇಬ್ಬರೂ ಕೂತಿರುತ್ತಿದ್ದದ್ದು ಒಂದೇ ಸೋಫಾದಲ್ಲಿ. ನಡುವೆ ಚೂಟಿ, ಸಂಬಳ ಇಲ್ಲದ ಪೋಸ್ಟ್‌ಮ್ಯಾನ್.

ಬಕೆಟ್ಟಿಗೆ ಹಳದಿ ಹಚ್ಚಿ ಚೂಟಿ ಹಾಲಿಗೆ ಬಂದಳು. ಅಲ್ಲಿ ಅಮ್ಮ ಒಂದು ಕುರ್ಚಿಯನ್ನು ತಲೆಕೆಳಗೆ ಮಾಡಿ ಅದರ ಹೊಟ್ಟೆ ಬಗೆಯುತ್ತಿದ್ದಳು. ಅಮ್ಮನ ಕೆಲಸವೇ ಅದು. ಹಳೇ ಸೋಫಾ, ಹಳೇ ಕುರ್ಚಿಗಳ ಹರಿದ ಬಟ್ಟೆ ಕಿತ್ತು, ಹೊಸ ಸ್ಪಂಜು ತುಂಬಿ, ಹೊಸ ಬಟ್ಟೆ ಎಳೆದು ಮೊಳೆ ಹೊಡೆಯುವುದು. ಬೀದಿಯ ಮೂಲೆಯಲ್ಲಿ ಅವಳ ಅಂಗಡಿ ಇತ್ತು. ಅಲ್ಲಿ ಮುಗಿಯದ ಕೆಲಸ ಮನೆಗೆ ಬರುತ್ತಿತ್ತು. ಹೊಡೆಯಬೇಕಾದ ಚಿಕ್ಕ ಮೊಳೆಗಳನ್ನು ಅವಳು ಬಾಯಲ್ಲೇ ಇಟ್ಟುಕೊಂಡು, ಒಂದೊಂದಾಗಿ ತುಟಿಗೆ ತಂದು ತೆಗೆಯುತ್ತಿದ್ದಳು. ಬಾಯಲ್ಲಿ ಮೊಳೆ ಇರುವಾಗ ಅಮ್ಮನನ್ನು ಏನು ಕೇಳಿದರೂ ಗೋಡೆಗೆ ಕೇಳಿದ ಹಾಗೆ.

“ಗಡಿಯಾರಕ್ಕೆ?” ಚೂಟಿ ಕೇಳಿದಳು.

ಗೋಡೆಯ ಮೇಲೆ ಹಂಸದ ಆಕಾರದ ಒಂದು ಗಡಿಯಾರವಿತ್ತು. ಅಪ್ಪನ ಅಕ್ಕ, ಅಂದರೆ ದೊಡ್ಡತ್ತೆ, ಮದುವೆಗೆ ಕೊಟ್ಟಿದ್ದು. ಹಂಸದ ಹೊಟ್ಟೆಯಲ್ಲಿ ಮುಳ್ಳು, ಕತ್ತಿನಲ್ಲಿ ಪ್ಲಾಸ್ಟಿಕ್ ಹೂವು, ಗಂಟೆಗೊಮ್ಮೆ ಕೆಂಪು ಕಣ್ಣು ಮಿಟುಕಿಸುತ್ತಿತ್ತು.

“ಅದು ನಿಮ್ಮಪ್ಪ ತಗೊಂಡು ಹೋಗ್ಲಿ. ನೀಲಿ.”

“ಅಪ್ಪ ಹೇಳಿದ್ದಾನೆ, ಅದು ನಿಮ್ಮಮ್ಮನಿಗೇ ಇರಲಿ, ಹಸಿರು ಅಂತ.”

“ಅವರ ದೊಡ್ಡ ಮನಸ್ಸು ನೋಡು!” ಅಂದಳು ಅಮ್ಮ. ಹಂಸಕ್ಕೆ ಸದ್ಯಕ್ಕೆ ಯಾವ ಬಣ್ಣವೂ ಸಿಗಲಿಲ್ಲ.

ಚೂಟಿ ಮುಂಬಾಗಿಲ ಹತ್ತಿರ ಹೋದಳು. ಅಲ್ಲಿ ಆಗಲೇ ಒಂದು ಸ್ಟಿಕ್ಕರ್ ಇತ್ತು. ಹಸಿರು. ಬೆಳಿಗ್ಗೆ ಬಂದಿದ್ದ ಲಾಯರ್ ಆಂಟಿ ತಮ್ಮ ಕೈಯಾರೆ ಹಚ್ಚಿ, ಹೆಬ್ಬೆರಳಲ್ಲಿ ಒತ್ತಿ ಹೋಗಿದ್ದರು.

“ಅಮ್ಮಾ, ಬಾಗಿಲು ನಿನ್ನದಾ?”

“ಬಾಗಿಲೊಂದೇ ಅಲ್ಲ ಕಣೇ, ಮನೇನೇ ನಂದು. ಮದುವೆಗೆ ಮುಂಚೆ ಆರು ವರ್ಷ ಕಂಡವರ ಸೋಫಾಕ್ಕೆಲ್ಲ ಮೊಳೆ ಹೊಡೆದು ತಗೊಂಡಿದ್ದು. ಅದಕ್ಕೇ ಹಸಿರು.”

“ಮತ್ತೆ ಅಪ್ಪನದು?”

ಅಮ್ಮ ನಾಲ್ಕು ಮೊಳೆ ತೆಗೆದು ಬಾಯಿಗೆ ಹಾಕಿಕೊಂಡಳು.

ಚೂಟಿ ಮನೆಯೆಲ್ಲ ಸುತ್ತಿ ನೀಲಿ ಚೀಟಿಗಳನ್ನು ಎಣಿಸಿದಳು. ಏಣಿ ಒಂದು. ಟೂಲ್‌ಬ್ಯಾಗ್ ಒಂದು. ಸೂಟ್‌ಕೇಸ್ ಒಂದು. ಬಾಚಣಿಗೆ ಒಂದು. ಬಾಚಣಿಗೆಗೆ ಹಲ್ಲಿರಲಿಲ್ಲ, ಅಪ್ಪನಿಗೆ ಕೂದಲಿರಲಿಲ್ಲ, ಆದ್ದರಿಂದ ಅವರಿಬ್ಬರಿಗೂ ಸರಿಹೋಗಿತ್ತು. ಅಷ್ಟೇ. ಇಷ್ಟು ದೊಡ್ಡ ಅಪ್ಪನಿಗೆ ಬರೀ ನಾಲ್ಕು ನೀಲಿ ಚೀಟಿ.

ಭಾನುವಾರ ಅಪ್ಪ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಬಾಡಿಗೆ ರೂಮಿಗೆ ಹೋಗುವವನಿದ್ದ. ಈ ನಾಲ್ಕು ಸಾಮಾನು ಹೊತ್ತುಕೊಂಡು ಅವನು ಮೆಟ್ಟಿಲಿಳಿಯುವುದನ್ನು ನೆನೆಸಿಕೊಂಡರೆ ಅವಳಿಗೆ ಅಳು ಬಂತು. ಅಳು ಬಂದಾಗ ಚೂಟಿಗೆ ಸಿಟ್ಟೂ ಬರುತ್ತದೆ. ಅವಳು ದಡದಡ ಅಂತ ಮೇಲಿನ ಮಹಡಿಗೆ ಓಡಿದಳು.

ಮೇಲಿನ ಮಹಡಿಯಲ್ಲಿ ರೇಡಿಯೋ ಇದ್ದಳು. ರೇಡಿಯೋ ಅಂದರೆ ಚೂಟಿಯ ಕ್ಲಾಸಿನಲ್ಲೇ ಓದುವ ಗೆಳತಿ. ಟೀಚರ್ ಇಟ್ಟ ಹೆಸರು ಅದು. ಆಫ್ ಮಾಡುವ ಬಟನ್ನು ಎಲ್ಲಿದೆ ಅಂತ ಇವತ್ತಿನವರೆಗೆ ಟೀಚರಿಗೂ ಸಿಕ್ಕಿಲ್ಲ.

“ಅನ್ಯಾಯ ಕಣೇ!” ಚೂಟಿ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದಳು.

ರೇಡಿಯೋ ದೊಡ್ಡ ವಕೀಲರ ಹಾಗೆ ಗಲ್ಲ ಕೆರೆದುಕೊಂಡಳು. “ನಮ್ಮ ತಾತ ಹೇಳ್ತಾರೆ, ಮನೆ ಅಂದ್ರೆ ಬರೀ ಗೋಡೆ ಅಲ್ಲ, ಬೆವರು ಅಂತ. ನಿಮ್ಮಪ್ಪ ಈ ಮನೆಗೆ ಏನು ಬೆವರು ಸುರಿಸಿದ್ದಾರೆ? ಯೋಚನೆ ಮಾಡು.”

“ಅವನಿಗೆ ಬೇಸಿಗೆಯಲ್ಲಿ ತುಂಬಾ ಬೆವರುತ್ತೆ.”

“ಅಯ್ಯೋ ಪೆದ್ದಿ, ಆ ಬೆವರಲ್ಲ! ಏನು ಕೆಲಸ ಮಾಡಿದ್ದಾರೆ ಅಂತ.”

ಚೂಟಿಯ ಅಪ್ಪ ಎಲೆಕ್ಟ್ರಿಷಿಯನ್. ಅವನ ಕಿವಿಯ ಮೇಲೆ ಯಾವಾಗಲೂ ಒಂದು ಗಿಡ್ಡ ಪೆನ್ಸಿಲ್. ಯಾರ ಮನೆಯಲ್ಲಿ ಕೆಲಸ ಮಾಡಿದರೂ ಮುಗಿದ ಮೇಲೆ ಮೇನ್ ಬೋರ್ಡಿನ ಮುಚ್ಚಳದ ಒಳಗಡೆ ತಾರೀಖು, ಏನೇನು ಮಾಡಿದೆ, ಏನು ಬಾಕಿ ಎಂದು ಬರೆದಿಡುತ್ತಿದ್ದ. ಮುಂದೆ ಬರುವ ಎಲೆಕ್ಟ್ರಿಷಿಯನ್ ತಲೆ ಕೆರೆದುಕೊಳ್ಳಬಾರದು ಅನ್ನುವುದು ಅವನ ವಾದ.

ಆದರೆ ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ ಅವನ ಮನೆಗೇ ಬೆಲ್ ಇರಲಿಲ್ಲ. ಬಾಗಿಲ ಹೊರಗೆ ಬೆಲ್ಲಿನ ಸ್ವಿಚ್ ಇತ್ತು. ಒತ್ತಿದರೆ ಏನೂ ಆಗುತ್ತಿರಲಿಲ್ಲ. ಒಳಗೆ ಬೆಲ್ ಇರಬೇಕಾದ ಜಾಗದಲ್ಲಿ ಎರಡು ವೈರುಗಳು ಟೇಪ್ ಸುತ್ತಿಕೊಂಡು ಕೂತಿದ್ದವು. ಮನೆಯ ಮೂವರ ಹತ್ತಿರವೂ ಕೀ ಇತ್ತು. ಅದಕ್ಕೇ ಬೆಲ್ಲಿನ ಚಿಂತೆ ಯಾರಿಗೂ ಇರಲಿಲ್ಲ. ಬಂದ ನೆಂಟರು ಸ್ವಿಚ್ ಒತ್ತಿ ಒತ್ತಿ ಪೆಚ್ಚಾಗಿ, ಕೊನೆಗೆ ಬಾಗಿಲು ಬಡಿಯುತ್ತಿದ್ದರು.

“ವೈರಿಂಗ್!” ಚೂಟಿ ನೆಗೆದು ನಿಂತಳು. “ಇಡೀ ಮನೆ ವೈರಿಂಗ್ ಅಪ್ಪಾನೇ ಮಾಡಿದ್ದು! ಸ್ವಿಚ್ಚು, ಲೈಟು, ಫ್ಯಾನು ಎಲ್ಲಾ!”

“ವೈರು ಎಲ್ಲಿದೆ?”

“ಗೋಡೆ ಒಳಗೆ.”

“ಕಿತ್ತರೆ?”

“ಗೋಡೆನೂ ಕಿತ್ತು ಬರುತ್ತೆ!”

“ಮುಗೀತು. ಕೇಸ್ ಗೆದ್ದ ಹಾಗೇನೇ,” ಅಂದಳು ರೇಡಿಯೋ. “ಅರ್ಧ ಮನೆ ನಿಮ್ಮಪ್ಪನದು. ಅವರ ಮನೆಯಿಂದ ಅವರನ್ನೇ ಯಾರು ಆಚೆ ಕಳಿಸ್ತಾರೆ?”

ಚೂಟಿಗೆ ಎದೆ ಹಗುರಾಯಿತು. ಯಾವ ಅರ್ಧ ಅಂತಲೂ ಅವಳು ಅಲ್ಲೇ ಯೋಚಿಸಿಬಿಟ್ಟಳು. ಹಾಲು, ಬಾಲ್ಕನಿ ಅಪ್ಪನಿಗೆ. ಬೆಡ್‌ರೂಮು, ಅಡುಗೆಮನೆ ಅಮ್ಮನಿಗೆ. ಬಚ್ಚಲುಮನೆಗೆ ಟೈಮ್‌ಟೇಬಲ್. ಅಮ್ಮನ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಸ್ಪಂಜಿನ ತುಂಡುಗಳಿಂದ ಕಟ್ಟಿಕೊಂಡಿದ್ದ ಗುಹೆ ಮಾತ್ರ ಪೂರ್ತಿ ಚೂಟಿಯದು. ಅದರಲ್ಲಿ ಯಾರಿಗೂ ಪಾಲಿಲ್ಲ.

ಅಮ್ಮ ಅಂಗಡಿಗೆ ಹೋದದ್ದೇ ತಡ, ಅವಳು ಕೆಲಸಕ್ಕಿಳಿದಳು. ಸ್ವಿಚ್ ಬೋರ್ಡುಗಳಿಗೆಲ್ಲ ಹಳದಿ. ಫ್ಯಾನಿನ ರೆಗ್ಯುಲೇಟರಿಗೆ ಹಳದಿ. ಸ್ಟೂಲು ಹತ್ತಿ, ಬಾಗಿಲ ಮೇಲಿದ್ದ ಮೇನ್ ಬೋರ್ಡಿನ ಮುಚ್ಚಳಕ್ಕೂ ಒಂದು ಹಳದಿ ಅಂಟಿಸಿದಳು. ಆ ಮುಚ್ಚಳವನ್ನು ಮಾತ್ರ ತೆಗೆಯಲಿಲ್ಲ. ತೆಗೆದರೆ ಕಿವಿ ಹಿಂಡಿಬಿಡ್ತೀನಿ ಅಂತ ಅಪ್ಪ ಹೇಳಿದ್ದ. ಅಪ್ಪ ಜೀವಮಾನದಲ್ಲಿ ಮಾಡಿದ ರೂಲ್ ಅದೊಂದೇ. ಅದಕ್ಕೇ ಅವಳು ಅದನ್ನು ಪಾಲಿಸುತ್ತಿದ್ದಳು.

ಕೊನೆಗೆ ಮುಂಬಾಗಿಲು. ಉಗುರಿನಿಂದ ಹಸಿರು ಚೀಟಿಯನ್ನು ಮೆಲ್ಲಗೆ ಎಬ್ಬಿಸಿ ಕಿತ್ತಳು. ಅದೇ ಜಾಗದಲ್ಲಿ ಹಳದಿ ಹಚ್ಚಿದಳು. ಕಿತ್ತ ಹಸಿರನ್ನು ಎಲ್ಲಿಡುವುದು ಅಂತ ಸುತ್ತ ನೋಡಿದಳು. ಹಂಸದ ಕೊಕ್ಕು ಖಾಲಿ ಇತ್ತು.

ಸಂಜೆ ಅಮ್ಮ ಬಂದು ಬಾಗಿಲಿನ ಹಳದಿಯನ್ನು ನೋಡಿದಳು. ಇದು ಗಂಡನ ಕೆಲಸ ಅಂದುಕೊಂಡು ಮುಖ ಸಿಂಡರಿಸಿದಳು. ಆಮೇಲೆ ಬಂದ ಅಪ್ಪ ಸ್ವಿಚ್ಚುಗಳ ಹಳದಿಯನ್ನು ನೋಡಿದ. ಇದು ಹೆಂಡತಿಯ ಕೆಲಸ ಅಂದುಕೊಂಡು ಹುಬ್ಬು ಗಂಟಿಕ್ಕಿದ. ಒಬ್ಬರನ್ನೊಬ್ಬರು ಕೇಳಬೇಕಾದರೆ ಪೋಸ್ಟ್‌ಮ್ಯಾನ್ ಬೇಕು. ಪೋಸ್ಟ್‌ಮ್ಯಾನ್ ಮೇಜಿನ ಕೆಳಗೆ ಸ್ಪಂಜಿನ ಗುಹೆಯಲ್ಲಿ ಅಡಗಿ ಕೂತಿದ್ದಳು.

ಭಾನುವಾರ ಹತ್ತು ಗಂಟೆಗೆ ಲಾಯರ್ ಆಂಟಿ ಬಂದರು. ಮೂಗಿನ ತುದಿಗೆ ಜಾರಿದ ಕನ್ನಡಕ, ಕಂಕುಳಲ್ಲಿ ಫೈಲು. ಹತ್ತೂವರೆ ಆದರೂ ದೊಡ್ಡತ್ತೆ ಬರಲಿಲ್ಲ. ಆಮೇಲೆ ಗೊತ್ತಾಯಿತು, ಅವರು ಹತ್ತೂ ಕಾಲಿನಿಂದ ಹೊರಗೆ ನಿಂತು ಬೆಲ್ ಒತ್ತುತ್ತಿದ್ದರು.

“ಹನ್ನೊಂದು ವರ್ಷದಿಂದ ಒತ್ತುತಾ ಇದೀನಿ ಈ ದರಿದ್ರ ಬೆಲ್ಲನ್ನ!” ಅಂತಲೇ ಒಳಗೆ ಬಂದರು. ದೊಡ್ಡತ್ತೆ ಒಂದು ಹಾಸ್ಟೆಲ್ಲಿನ ವಾರ್ಡನ್. ಅವರು ಮಾಮೂಲಿಯಾಗಿ ಮಾತಾಡಿದರೂ ಮುನ್ನೂರು ಜನರಿಗೆ ಕೇಳಿಸುತ್ತಿತ್ತು. “ಎಲ್ಲಿ, ನನ್ನ ತಮ್ಮನಿಗೆ ಏನೇನು ಕೊಡ್ತೀರಿ ತೋರಿಸಿ. ಬಡಪಾಯಿ, ಬಾಯಿ ಇಲ್ಲದವನು ಅಂತ ಎಲ್ಲ ನುಂಗೋಕೆ ಬಿಡಲ್ಲ ನಾನು.”

“ಅಕ್ಕ, ಕೂತ್ಕೋ,” ಅಂದ ಅಪ್ಪ.

“ನೀನು ಸುಮ್ನಿರೋ.”

ಲಾಯರ್ ಆಂಟಿ ಗಂಟಲು ಸರಿಮಾಡಿಕೊಂಡರು. “ನೋಡಿ, ಇವರಿಬ್ಬರೂ ಒಪ್ಪಿಕೊಂಡಿರೋ ಲೆಕ್ಕ ಸುಲಭ. ಮದುವೆಗೆ ಮುಂಚೆ ಯಾರದ್ದು ಏನಿತ್ತೋ ಅದು ಅವರ ಹತ್ತಿರವೇ ಇರುತ್ತೆ. ಮದುವೆ ಆದಮೇಲೆ ಸೇರಿ ಮಾಡಿದ್ದನ್ನ ಹಂಚಿಕೋಬೇಕು. ಈ ಮನೆ ಪತ್ರ ಮದುವೆಗೆ ಮುಂಚಿನದು. ಇವರೊಬ್ಬರದೇ ಹೆಸರಲ್ಲಿದೆ. ಆದ್ದರಿಂದ ಮನೆ ಇವರದು. ಮಗಳು ಇಲ್ಲೇ ಇರ್ತಾಳೆ. ಬುಧವಾರ, ಭಾನುವಾರ ಅವರಪ್ಪ ಬಂದು ನೋಡ್ತಾರೆ.”

“ಪತ್ರ ಗಿತ್ರ ಬಿಡಿ. ಬಾಗಿಲು ಏನು ಹೇಳ್ತಿದೆ ನೋಡಿ!” ದೊಡ್ಡತ್ತೆ ಬೆರಳು ತೋರಿಸಿದರು. “ಹಳದಿ! ಹಳದಿ ಅಂದ್ರೆ ಇಬ್ಬರದೂ ಅಂತ ನೀವೇ ಮಾಡಿದ ರೂಲು ತಾನೆ?”

ಲಾಯರ್ ಆಂಟಿಯ ಕನ್ನಡಕ ಇನ್ನಷ್ಟು ಜಾರಿತು. “ನಾನು ಹಸಿರು ಹಚ್ಚಿದ್ದೆನಲ್ಲ...”

ಅಮ್ಮ ಸರ್ರನೆ ಅಪ್ಪನ ಕಡೆ ತಿರುಗಿದಳು. “ನೀವು ಇಷ್ಟು ಕೆಳಗಿಳೀತೀರಿ ಅಂದ್ಕೊಂಡಿರಲಿಲ್ಲ. ಕೇಳೋದಿದ್ರೆ ನೇರವಾಗಿ ಕೇಳಬಹುದಿತ್ತು. ಕಳ್ಳನ ಹಾಗೆ ಚೀಟಿ ಬದಲಾಯಿಸೋದಾ?”

ಎರಡು ವರ್ಷದಲ್ಲಿ ಮೊದಲನೇ ಸಲ ಅಮ್ಮ ಅಪ್ಪನ ಹತ್ತಿರ ನೇರವಾಗಿ ಮಾತಾಡಿದ್ದಳು. ಮಾತಾಡಿದ್ದು ಇದನ್ನ.

ಅಪ್ಪನ ಮುಖ ಕೆಂಪಾಯಿತು. “ನಾನಾ? ಸ್ವಿಚ್ಚಿಗೆಲ್ಲ ನೀನು ಹಚ್ಚಿದ್ದು ಅಂದ್ಕೊಂಡಿದ್ದೆ ನಾನು!”

“ನಾನ್ಯಾಕೆ ಹಚ್ಚಲಿ? ನನಗೇನು ತಲೆ ಕೆಟ್ಟಿದೆಯಾ?”

“ನನಗೆ ಕೆಟ್ಟಿದೆಯಾ ಹಾಗಾದ್ರೆ?”

ಚೂಟಿಯ ಕಿವಿ ಬಿಸಿಯಾಯಿತು. ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ನೆಲ ಬಾಯಿ ಬಿಡಲಿಲ್ಲ. ಅದೂ ಹಸಿರು ಚೀಟಿಯ ನೆಲ, ಅಮ್ಮನ ಹಾಗೆಯೇ ಬಾಯಿ ಮುಚ್ಚಿಕೊಂಡಿತ್ತು.

“ನಾನೇ,” ಅಂದಳು.

ಎಲ್ಲರೂ ತಿರುಗಿದರು.

“ನಾನೇ ಹಚ್ಚಿದ್ದು. ಹಂಸಕ್ಕೂ ನಾನೇ. ಅಪ್ಪನಿಗೆ ಬರೀ ನಾಲ್ಕೇ ನೀಲಿ ಬಂದಿತ್ತು. ಅದರಲ್ಲೂ ಒಂದು ಬಾಚಣಿಗೆ.” ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. “ಮನೆ ವೈರಿಂಗೆಲ್ಲ ಅಪ್ಪಾನೇ ಮಾಡಿದ್ದು. ವೈರು ಗೋಡೆ ಒಳಗಿದೆ. ಹಾಗಾದ್ರೆ ಗೋಡೆನೂ ಅರ್ಧ ಅಪ್ಪಂದು. ಅಪ್ಪ ಯಾಕೆ ಹೋಗಬೇಕು?”

ಹಂಸ ಕೊಕ್ಕಿನಲ್ಲಿ ಹಸಿರು ಚೀಟಿ ಕಚ್ಚಿಕೊಂಡು ಕಣ್ಣು ಮಿಟುಕಿಸಿತು.

“ಭೇಷ್!” ದೊಡ್ಡತ್ತೆ ಚಪ್ಪಾಳೆ ತಟ್ಟಿದರು. “ಐದನೇ ಕ್ಲಾಸಿನ ಮಗುವಿಗೆ ಇರೋ ನ್ಯಾಯ ನಿಮಗ್ಯಾರಿಗೂ ಇಲ್ಲ!”

ಲಾಯರ್ ಆಂಟಿ ಪೆನ್ನು ಕೈಗೆತ್ತಿಕೊಂಡರು. “ಮಗು ಕೇಳಿದ್ದು ಸರಿಯಾದ ಪ್ರಶ್ನೆನೇ. ಮದುವೆ ಆದಮೇಲೆ ಇವರು ಮನೆಗೆ ಅಷ್ಟು ದೊಡ್ಡ ಕೆಲಸ ಮಾಡಿದ್ರೆ ಅದನ್ನೂ ನೋಡಬೇಕಾಗುತ್ತೆ. ವೈರಿಂಗ್ ಯಾವಾಗ ಆಯ್ತು?”

“ಮದುವೆಗೆ ಮುಂಚೆ,” ಅಂದಳು ಅಮ್ಮ. “ನಾನೇ ಇವರನ್ನ ಎಲೆಕ್ಟ್ರಿಷಿಯನ್ ಅಂತ ಕರೆಸಿ ಮಾಡಿಸಿದ್ದು. ಕೂಲಿ ಕೊಟ್ಟಿದ್ದೀನಿ.”

“ರಸೀದಿ ಎಲ್ಲಿದೆ?” ದೊಡ್ಡತ್ತೆ ಥಟ್ಟನೆ ಕೇಳಿದರು.

“ಹನ್ನೆರಡು ವರ್ಷದ ಹಿಂದಿನ ರಸೀದಿ ಯಾರು ಇಟ್ಕೊಂಡಿರ್ತಾರೆ ಅತ್ತಿಗೆ?”

“ರಸೀದಿ ಇಲ್ಲ ಅಂದ್ಮೇಲೆ ಮದುವೆ ಆದಮೇಲೆ ಆಗಿದ್ದು ಅಂತಾನೇ ಅರ್ಥ. ಬರ್ಕೊಳ್ಳಿ ಮೇಡಂ. ಮನೇಲಿ ಅರ್ಧ ನನ್ನ ತಮ್ಮನದು. ಮಾರಿಬಿಡಿ, ಬಂದಿದ್ದರಲ್ಲಿ ಅರ್ಧ ಅವಳಿಗೆ, ಅರ್ಧ ಇವನಿಗೆ. ರಗಳೆ ಮುಗೀತು.”

ಚೂಟಿ ಬೆಚ್ಚಿಬಿದ್ದಳು. ಮಾರೋದಾ?

“ಯಾಕೆ ಮಾರಬೇಕು?” ಅವಳು ಕೇಳಿದಳು. “ಅಪ್ಪ ಹಾಲಲ್ಲಿ ಇರ್ತಾನೆ. ಅಮ್ಮ ಬೆಡ್‌ರೂಮಲ್ಲಿ.”

“ಮನೇನ ಕೇಕ್ ಥರ ಕತ್ತರಿಸೋಕಾಗಲ್ಲ ಪುಟ್ಟಿ,” ಅಂದರು ಲಾಯರ್ ಆಂಟಿ. “ಒಟ್ಟಿಗೆ ಇರೋಕಾಗಲ್ಲ ಅಂತ ತಾನೇ ಇವರು ಬೇರೆ ಆಗ್ತಿರೋದು? ಪಾಲು ಅಂದ್ರೆ ಎಷ್ಟೋ ಸಲ ಮಾರೋದೇ.”

ಚೂಟಿ ಮೇಜಿನ ಕೆಳಗಿನ ಸ್ಪಂಜಿನ ಗುಹೆಯನ್ನು ನೋಡಿದಳು. ಮೇಲೆ ರೇಡಿಯೋ ಮನೆಯಲ್ಲಿ ಯಾರೋ ಸ್ಟೂಲು ಎಳೆದ ಸದ್ದು ಕೇಳಿಸಿತು. ಯಾರೋ ಗುರುತಿಲ್ಲದವರು ಈ ಬಾಗಿಲಿಗೆ ಕೀ ಹಾಕಿ ಒಳಗೆ ಬರುವುದು ಅವಳ ಕಣ್ಣ ಮುಂದೆ ಬಂತು. ಇಷ್ಟೆಲ್ಲ ಒಂದು ಹಳದಿ ಚೀಟಿಯಿಂದ. ಅದನ್ನು ಹಚ್ಚಿದ ಹೆಬ್ಬೆರಳನ್ನು ಅವಳು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು.

ಈಗ ಎಲ್ಲರೂ ಅಪ್ಪನನ್ನೇ ನೋಡುತ್ತಿದ್ದರು. ಅಪ್ಪ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದ. ಬೆರಳಲ್ಲಿ ತಿರುಗಿಸಿದ. ಮತ್ತೆ ಕಿವಿಗೆ ಸಿಕ್ಕಿಸಿದ. ಅವನು ಸುಮ್ಮನಿದ್ದರೆ ಸಾಕಿತ್ತು, ಅರ್ಧ ಮನೆ ಅವನ ಕೈಗೆ ಬರುವುದರಲ್ಲಿತ್ತು. ಸುಮ್ಮನಿರುವುದರಲ್ಲಿ ಅವನನ್ನು ಮೀರಿಸಿದವರು ಇರಲೂ ಇಲ್ಲ.

ಅವನು ಎದ್ದು ಏಣಿ ತಂದ. ನೀಲಿ ಚೀಟಿಯ ಏಣಿ. ಬಾಗಿಲ ಹತ್ತಿರ ನಿಲ್ಲಿಸಿದ.

“ಚೂಟಿ, ಬಾ ಇಲ್ಲಿ. ಹತ್ತು.”

“ಕಿವಿ ಹಿಂಡ್ತೀಯಾ?”

“ಇಲ್ಲ. ನಿನ್ನ ಪ್ರಶ್ನೆಗೆ ಉತ್ತರ ಕೊಡ್ತೀನಿ.”

ಚೂಟಿ ಹತ್ತಿದಳು. ಅಪ್ಪ ಕೆಳಗಿನ ಮೆಟ್ಟಿಲ ಮೇಲೆ ನಿಂತು, ಅವಳ ಹೆಗಲ ಮೇಲಿಂದ ಕೈ ಚಾಚಿ ಮೇನ್ ಬೋರ್ಡಿನ ಮುಚ್ಚಳ ತೆಗೆದ. ಮುಚ್ಚಳದ ಒಳಗಡೆ ಪೆನ್ಸಿಲ್ಲಿನಲ್ಲಿ ಬರೆದಿತ್ತು. ಅಪ್ಪನದೇ ಅಕ್ಷರಗಳು, ಎಡಕ್ಕೆ ವಾಲಿಕೊಂಡು ನಿಂತಿದ್ದವು.

“ಜೋರಾಗಿ ಓದು.”

ಚೂಟಿ ಓದಿದಳು. ಮೊದಲು ತಾರೀಖು ಓದಿದಳು. ಅಮ್ಮ ಅಪ್ಪನ ಮದುವೆಗೆ ಸರಿಯಾಗಿ ಒಂದು ವರ್ಷ ಹಿಂದಿನದು. ಆಮೇಲೆ ಮುಂದಕ್ಕೆ ಓದಿದಳು.

“ಮನೆ, ಸೋಫಾ ಮೇಡಂ ಅವರದು. ಲೈಟ್ ಪಾಯಿಂಟ್ ಹದಿನಾಲ್ಕು, ಫ್ಯಾನ್ ಎರಡು, ಕೆಲಸ ಮುಗಿಯಿತು. ಕೂಲಿ ಬಂತು.” ಅವಳು ನಿಲ್ಲಿಸಿದಳು. ಕೆಳಗೆ ಇನ್ನೂ ಎರಡು ಸಾಲಿತ್ತು. “ಬೆಲ್ ಒಂದು ಬಾಕಿ. ಮತ್ತೆ ಬರಬೇಕು.”

“ಸೋಫಾ ಮೇಡಂ ಯಾರು?” ಕೇಳಿದರು ಲಾಯರ್ ಆಂಟಿ.

“ನಾನೇ,” ಅಂದಳು ಅಮ್ಮ ಮೆಲ್ಲಗೆ. “ಆಗ ಹಾಗೇ ಕರೀತಿದ್ರು.”

“ಅಯ್ಯೋ ಮುಠ್ಠಾಳ!” ದೊಡ್ಡತ್ತೆ ಹಣೆ ಚಚ್ಚಿಕೊಂಡರು. “ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಿ ಹಾಕ್ಕೊಂಡೆಯಲ್ಲೋ!”

“ಕಲ್ಲಲ್ಲ ಅಕ್ಕ, ಪೆನ್ಸಿಲ್ಲು,” ಅಂದ ಅಪ್ಪ. ಆಮೇಲೆ ಅವನು ಮಾತಾಡಿದ್ದು ದೊಡ್ಡತ್ತೆಗೆ ಅಲ್ಲ, ಏಣಿಯ ಮೇಲಿದ್ದ ಚೂಟಿಗೆ. “ನೋಡು, ನಾನು ಈ ಮನೆಗೆ ಮೊದಲು ಬಂದಾಗ ಇಲ್ಲಿ ಲೈಟೂ ಇರಲಿಲ್ಲ, ಕುರ್ಚಿನೂ ಇರಲಿಲ್ಲ. ಊರಿನವರಿಗೆಲ್ಲ ಸೋಫಾ ಮಾಡಿಕೊಡೋಳು ತಾನು ನೆಲದ ಮೇಲೆ ಕೂತು ಊಟ ಮಾಡ್ತಿದ್ಲು. ಆದ್ರೂ ಕೂಲಿ ಕೈಗಿಟ್ಟೇ ಕಳಿಸಿದ್ಲು. ನಾನು ಬೆವರು ಸುರಿಸಿದ್ದು ನಿಜ, ಆ ಬೆವರಿಗೆ ಅವತ್ತೇ ಬೆಲೆ ಬಂದಿದೆ. ಎರಡು ಸಲ ಕೇಳಿದ್ರೆ ಅದಕ್ಕೆ ಬೇರೆ ಹೆಸರಿದೆ.”

“ಮತ್ತೆ ಬೆಲ್ ಯಾಕೆ ಹಾಕಲಿಲ್ಲ?” ಚೂಟಿ ಕೇಳಿದಳು.

ಅಪ್ಪ ಕೆಮ್ಮಿದ. ಬೋಳುತಲೆಯ ಮೇಲೆ ಕೈಯಾಡಿಸಿದ.

“ಬೆಲ್ ಬ್ಯಾಗಲ್ಲೇ ಇತ್ತು,” ಅಂದಳು ಅಮ್ಮ ಮೇಜಿನ ಕಡೆ ನೋಡುತ್ತಾ. “ನಾನು ನೋಡಿದ್ದೆ. ಅಂಗಡಿಯಲ್ಲಿ ಸ್ಟಾಕ್ ಇಲ್ಲ, ಇನ್ನೊಂದು ಸಲ ಬರ್ತೀನಿ ಅಂದ್ರು. ಇನ್ನೊಂದು ಸಲ ಬಂದಾಗಲೂ ಸ್ಟಾಕ್ ಇರಲಿಲ್ಲ. ಮೂರನೇ ಸಲವೂ ಇರಲಿಲ್ಲ.”

“ಆಮೇಲೆ?”

“ಆಮೇಲೆ ಮದುವೆ ಆಯ್ತು. ಕೈಗೆ ಕೀ ಬಂತು. ಬೆಲ್ ಮರೆತೇ ಹೋಯ್ತು.”

ಲಾಯರ್ ಆಂಟಿ ಕೆಮ್ಮಿನ ನೆಪದಲ್ಲಿ ನಗು ನುಂಗಿಕೊಂಡರು. ಫೋನು ತೆಗೆದು, “ಈ ಮುಚ್ಚಳದ ಒಂದು ಫೋಟೋ ತೆಗೀಲಾ?” ಅಂತ ಅಪ್ಪನನ್ನು ಕೇಳಿದರು. ಅಪ್ಪ ತಲೆಯಾಡಿಸಿದ. ಆಮೇಲೆ ತಾನೇ ಮುಂಬಾಗಿಲಿನ ಹಳದಿ ಚೀಟಿ ಕಿತ್ತು, ಹಂಸದ ಕೊಕ್ಕಿನಿಂದ ಹಸಿರು ಬಿಡಿಸಿ, ಮತ್ತೆ ಬಾಗಿಲಿಗೆ ಹಚ್ಚಿದ. ಅಂಟು ಹೋಗಿತ್ತು. ಅದು ಒಂದು ಕಡೆ ಏಳುತ್ತಿತ್ತು. ಅಮ್ಮ ಬಂದು ಒಂದು ಚಿಕ್ಕ ಮೊಳೆ ಹೊಡೆದಳು.

ಉಳಿದ ಲೆಕ್ಕ ಅರ್ಧ ಗಂಟೆಯಲ್ಲಿ ಮುಗಿಯಿತು. ಟಿವಿ ಅಪ್ಪನಿಗೆ, ಫ್ರಿಜ್ ಅಮ್ಮನಿಗೆ. ಅಪ್ಪನ ರೂಮಿಗೆ ಬೇಕಾಗುತ್ತದೆ ಅಂತ ಅಮ್ಮ ತನ್ನ ಹಸಿರು ಕುರ್ಚಿಗಳಲ್ಲಿ ಎರಡನ್ನು ಕೊಟ್ಟಳು. ಚೂಟಿ ಬಂದರೆ ಕೂರೋಕೆ ಬೇಡವಾ ಅಂದಳು. ಹಂಸದ ಗಡಿಯಾರವನ್ನು ದೊಡ್ಡತ್ತೆ ಸಿಟ್ಟಿನಲ್ಲಿ ತಾವೇ ಕಂಕುಳಲ್ಲಿ ಅವಚಿಕೊಂಡು ಹೊರಟರು. “ಬೆಲೆ ಗೊತ್ತಿಲ್ಲದವರ ಮನೆಯಲ್ಲಿ ಇದು ಇರೋದೇ ಬೇಡ,” ಅಂದರು. ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಥ ನೆಮ್ಮದಿ ಅವರಿಬ್ಬರ ಮುಖದಲ್ಲೂ ಒಟ್ಟಿಗೆ ಬಂದು ಎಷ್ಟೋ ದಿನವಾಗಿತ್ತು.

ಹೋಗುವಾಗ ಅಪ್ಪ ತನ್ನ ಕೀಯನ್ನು ಮೇಜಿನ ಮೇಲಿಟ್ಟ. ಅದಕ್ಕೆ ಯಾವ ಬಣ್ಣದ ಚೀಟಿಯೂ ಇರಲಿಲ್ಲ. ಚೂಟಿ ಸೂಟ್‌ಕೇಸಿನ ಇನ್ನೊಂದು ಕಡೆ ಹಿಡಿದು ಕೆಳಗಿನವರೆಗೂ ಹೋದಳು. ಬಸ್ಸು ಬಂದಾಗ ಗಟ್ಟಿಯಾಗಿ ಅತ್ತಳು. ಅಪ್ಪನೂ ಅತ್ತ. ಕಂಡಕ್ಟರ್ ಏಣಿಗೆ ಟಿಕೆಟ್ ಬೇಕು ಅಂದದ್ದರಿಂದ ಇಬ್ಬರೂ ಅಳು ನಿಲ್ಲಿಸಿ ಅವನ ಜೊತೆ ಜಗಳಕ್ಕೆ ನಿಂತರು.

ಬುಧವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ಚೂಟಿ ತೆಗೆದಳು. ಅಪ್ಪ ಹೊರಗೆ ನಿಂತಿದ್ದ, ಹೆಗಲಲ್ಲಿ ಟೂಲ್‌ಬ್ಯಾಗು.

“ಮೇಡಂ ಇದ್ದಾರಾ?” ಅಂದ. “ಒಂದು ಕೆಲಸ ಬಾಕಿ ಇತ್ತು.”

ಒಳಗೆ ಅಮ್ಮ ಕುರ್ಚಿಗೆ ಮೊಳೆ ಹೊಡೆಯುತ್ತಿದ್ದಳು. ಬಾಯಿ ತುಂಬಿತ್ತು. ಕೈಯಲ್ಲೇ ಬನ್ನಿ ಅಂತ ಸನ್ನೆ ಮಾಡಿದಳು.

ಕೆಲಸ ಹತ್ತೇ ನಿಮಿಷದ್ದು. ಹನ್ನೆರಡು ವರ್ಷ ಟೇಪ್ ಸುತ್ತಿಕೊಂಡು ಕೂತಿದ್ದ ಎರಡು ವೈರುಗಳಿಗೆ ಅಪ್ಪ ಒಂದು ಬಿಳಿ ಡಬ್ಬಿ ಜೋಡಿಸಿದ. ಸ್ಟೂಲು ಹತ್ತಿ ಮೇನ್ ಬೋರ್ಡಿನ ಮುಚ್ಚಳ ತೆಗೆದು, ಕಿವಿಯ ಪೆನ್ಸಿಲ್ಲಿನಿಂದ ಅಲ್ಲಿ ಏನೋ ಬರೆದ.

“ಬಾಗಿಲು ಹಾಕ್ಕೋ ಚೂಟಿ. ಟೆಸ್ಟ್ ಮಾಡಬೇಕು,” ಅಂತ ಹೊರಗೆ ಹೋದ.

ಚೂಟಿ ಬಾಗಿಲು ಹಾಕಿದಳು. ಬೆಲ್ ಕೂಗಿತು. ಗಂಟಲು ಕಟ್ಟಿದ ಬಾತುಕೋಳಿಯ ಹಾಗೆ, “ಕ್ರ್ಯಾಂ” ಅಂತ.

ಅಮ್ಮ ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿದಳು. “ಹನ್ನೆರಡು ವರ್ಷ ಕಾದಿದ್ದಕ್ಕೆ ಈ ಸೌಂಡಾ?” ಅಂತ ಕೂಗಿದಳು.

“ಗ್ಯಾರಂಟಿ ಇದೆ ಮೇಡಂ!” ಅಂತ ಹೊರಗಿನಿಂದ ಅಪ್ಪ ಕೂಗಿದ.

ಅಮ್ಮನಿಗೆ ನಗು ಬಂತು. ಇಬ್ಬರ ಮಧ್ಯೆ ಮುಚ್ಚಿದ ಬಾಗಿಲಿತ್ತು, ಆದರೂ ಪೋಸ್ಟ್‌ಮ್ಯಾನ್ ಬೇಕಾಗಿರಲಿಲ್ಲ.

ಮುಚ್ಚಳ ಇನ್ನೂ ತೆಗೆದೇ ಇತ್ತು. ಚೂಟಿ ಸ್ಟೂಲು ಹತ್ತಿ ನೋಡಿದಳು. “ಬೆಲ್ ಒಂದು ಬಾಕಿ” ಅನ್ನುವ ಸಾಲಿನ ಮೇಲೆ ಅಪ್ಪ ನೇರವಾಗಿ ಒಂದು ಗೀಟು ಎಳೆದಿದ್ದ. ಪಕ್ಕದಲ್ಲಿ “ಮುಗಿಯಿತು” ಅಂತ ಇವತ್ತಿನ ತಾರೀಖು ಹಾಕಿದ್ದ. ಅದರ ಕೆಳಗಿನ “ಮತ್ತೆ ಬರಬೇಕು” ಅನ್ನುವುದಕ್ಕೆ ಮಾತ್ರ ಗೀಟು ಹಾಕಿರಲಿಲ್ಲ.

ಮರೆತಿರಬೇಕು ಅಂದುಕೊಂಡಳು ಚೂಟಿ. ಅಪ್ಪ ಏನು ಮರೆತರೂ ಮುಚ್ಚಳದ ಒಳಗೆ ಬರೆಯುವುದರಲ್ಲಿ ತಪ್ಪು ಮಾಡುವವನಲ್ಲ ಅಂತ ಆಮೇಲೆ ನೆನಪಾಯಿತು. ಅವಳು ಆ ಎರಡು ಪದಗಳನ್ನು ಇನ್ನೊಂದು ಸಲ ಓದಿದಳು. ಮುಚ್ಚಳವನ್ನು ಮೆಲ್ಲಗೆ ಹಾಕಿದಳು.

ಬೆಲ್ ಮತ್ತೆ ಕ್ರ್ಯಾಂ ಅಂದಿತು.

“ಬಂದೆ, ಬಂದೆ!” ಅಂತ ಸ್ಟೂಲಿನಿಂದ ಧುಮುಕಿ ಚೂಟಿ ಬಾಗಿಲು ತೆಗೆದಳು.